ಬಾಗಿಲ ಬಳಿಯ ಪುಸ್ತಕ

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಬಳಿ ಮೇಜಿನ ಮೇಲೆ ಒಂದು ಗೆರೆ ಹಾಕಿದ ಪುಸ್ತಕ ಇತ್ತು, ಪೆನ್ನನ್ನು ದಾರದಲ್ಲಿ ಕಟ್ಟಿದ್ದರು. ನಿಮ್ಮಲ್ಲಿ ಹೆಚ್ಚಿನವರು ಹೆಸರು, ಫೋನ್ ನಂಬರು, ಇಮೇಲ್ ಬರೆದೇ ಒಳಗೆ ಬಂದಿದ್ದೀರಿ. ನಾಟಕಕ್ಕೆ ಹೋದರೂ, ಪುಸ್ತಕ ಬಿಡುಗಡೆಗೆ ಹೋದರೂ ಬರೆಯುತ್ತೇವೆ. ಕೈಗೆ ರೂಢಿಯಾಗಿಬಿಟ್ಟಿದೆ. ಇವತ್ತು ನನ್ನ ಮಾತೆಲ್ಲ ಆ ಪುಸ್ತಕದ ಬಗ್ಗೆಯೇ. ನೀವೆಲ್ಲ ಒಂದಲ್ಲ ಒಂದು ಸಂಘದ ಕಾರ್ಯದರ್ಶಿಗಳು, ತಂಡದ ಸಂಚಾಲಕರು. ಇಂಥ ಪುಸ್ತಕ ನಿಮ್ಮ ಬೀರುವಿನಲ್ಲೂ ಇರುತ್ತದೆ.

ನಮ್ಮ ನಾಟಕ ತಂಡದ ವಿಳಾಸಪಟ್ಟಿ ಹನ್ನೆರಡು ವರ್ಷ ನನ್ನ ಕೈಯಲ್ಲಿತ್ತು. ಸಾವಿರದ ಚಿಲ್ಲರೆ ಹೆಸರು, ತಿಂಗಳಿಗೊಂದು ಇಮೇಲ್. ಒಂದು ಮಧ್ಯಾಹ್ನ ಫೋನ್ ಬಂತು, ವಯಸ್ಸಾದ ತಾಯಿಯೊಬ್ಬರ ದನಿ. "ನೋಡಪ್ಪಾ, ನಿಮ್ಮ ಕಾಗದ ನಮ್ಮೆಜಮಾನರ ಹೆಸರಿಗೆ ಬರ್ತಾನೇ ಇದೆ. ಅವರು ಹೋಗಿ ಮೂರು ವರ್ಷ ಆಯ್ತು." ನಮ್ಮ ಇಮೇಲ್ ಶುರುವಾಗುತ್ತಿದ್ದದ್ದೇ ಹೆಸರು ಹಿಡಿದು, "ತಾವು ತಪ್ಪದೆ ಬರಬೇಕು" ಎಂದು. ಮೊಮ್ಮಗ ಅದನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದನಂತೆ. ಎರಡು ಸಲ ಅವನ ಕೈಯಲ್ಲಿ ಉತ್ತರವನ್ನೂ ಬರೆಸಿದ್ದರು. ಆ ಉತ್ತರ ಹೋಗುತ್ತಿದ್ದ ಪೆಟ್ಟಿಗೆಯನ್ನು ನಾವ್ಯಾರೂ ತೆರೆಯುತ್ತಿರಲಿಲ್ಲ. ಕೊನೆಗೆ ಹಳೇ ಟಿಕೆಟ್ಟಿನ ಹಿಂದಿದ್ದ ನಂಬರು ಹುಡುಕಿ ಫೋನ್ ಮಾಡಿದ್ದರು.

ಆ ಕ್ಷಣವೇ ಹೆಸರು ಅಳಿಸಿದೆ. ಮುಂದಿನ ತಿಂಗಳು ಮತ್ತೆ ಹೋಯಿತು. ಯಾಕೆ ಗೊತ್ತಾ? ಪಟ್ಟಿಗೆ ಮೂರು ಪ್ರತಿ ಇತ್ತು. ನನ್ನದೊಂದು, ಟಿಕೆಟ್ ನೋಡಿಕೊಳ್ಳುವ ಹುಡುಗನದೊಂದು, ಇನ್ನೊಂದನ್ನು ನಾವೇ ಪ್ರೀತಿಯಿಂದ ಬೇರೆ ತಂಡಕ್ಕೆ ಕೊಟ್ಟಿದ್ದೆವು. "ಅವರೂ ರಂಗಭೂಮಿಯವರೇ, ಕೊಡೋಣ ಬಿಡಿ" ಅಂದುಕೊಂಡಿದ್ದೆವು. ಆ ತಾಯಿ ಎರಡನೇ ಸಲ ಫೋನ್ ಮಾಡಲಿಲ್ಲ. ನಾನೇ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಯಜಮಾನರ ಫೋಟೊ, ಪಕ್ಕದಲ್ಲಿ ಮೊಳೆಗೆ ಚುಚ್ಚಿಟ್ಟ ನಮ್ಮ ನಾಟಕಗಳ ಟಿಕೆಟ್ಟುಗಳು. ಅಷ್ಟು ನಾಟಕ ನೋಡಿದ್ದ ಮನುಷ್ಯ. ಆತ ವಿಳಾಸ ಕೊಟ್ಟದ್ದು ಯಾವುದಕ್ಕೆ? ಮುಂದಿನ ನಾಟಕ ಯಾವಾಗ ಅಂತ ತಿಳಿಯುವುದಕ್ಕೆ. ಅಷ್ಟಕ್ಕೇ.

ಈ "ಯಾವುದಕ್ಕೆ" ಎಂಬ ಪ್ರಶ್ನೆಯನ್ನೇ ಈಗ ಕಾನೂನು ಕೇಳುತ್ತಿದೆ. ಅದರ ಹಿಂದೆ ಇದ್ದವರು ನಮ್ಮ ಕರ್ನಾಟಕದ ಹಿರಿಯರೊಬ್ಬರು, 2024ರಲ್ಲಿ ತೀರಿಕೊಂಡ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ನಮ್ಮ ಮೇಲೆ ಬೀಳುವ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ.

"ಸರ್, ನಾವೇನು ವ್ಯಾಪಾರ ಮಾಡ್ತಿದ್ದೀವಾ, ನಮಗ್ಯಾಕೆ ಇದೆಲ್ಲ?" ಎಂದು ಈಗಷ್ಟೇ ಚಹಾ ಕುಡಿಯುವಾಗ ಒಬ್ಬರು ಕೇಳಿದರು. ಒಬ್ಬ ವ್ಯಕ್ತಿ ಸ್ವಂತದ, ಮನೆಯ ಕೆಲಸಕ್ಕೆ ಇಟ್ಟುಕೊಂಡದ್ದಕ್ಕೆ ಕಾಯ್ದೆ ತಟ್ಟುವುದಿಲ್ಲ. ಮಗಳ ಮದುವೆಗೆ ಕರೆಯಲು ನೂರು ವಿಳಾಸ ಬರೆದಿಟ್ಟುಕೊಳ್ಳಿ, ಯಾರೂ ಕೇಳುವುದಿಲ್ಲ. ಸಂಘದ ಹೆಸರಿನಲ್ಲಿ ಊರಿಗೆಲ್ಲ ಕಳಿಸುವುದು ಮನೆಯ ಕೆಲಸವಲ್ಲ. ಲಾಭ ಮಾಡುತ್ತೇವೋ ಇಲ್ಲವೋ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದದ್ದು ಪುಸ್ತಕದಲ್ಲೇ ಇರುವ ತನಕ ಈ ಕಾಯ್ದೆಗೆ ಸಿಗುವುದಿಲ್ಲ. ರಾತ್ರಿ ಮನೆಗೆ ಹೋಗಿ ಎಕ್ಸೆಲ್‌ಗೆ ಏರಿಸಿದಿರೋ, ಆಗ ಸಿಕ್ಕಿತು.

ಕಾಯ್ದೆ ಕೇಳುವ ಒಪ್ಪಿಗೆ ಎಂಥದು? ಒತ್ತಾಯವಿಲ್ಲದ್ದು, ಇಂಥದ್ದಕ್ಕೆ ಎಂದು ತಿಳಿಸಿ ಪಡೆದದ್ದು, ಕೊಡುವವರು ತಾವಾಗಿ ಸ್ಪಷ್ಟವಾಗಿ ಕೊಟ್ಟದ್ದು. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಯುರೋಪಿನ ನ್ಯಾಯಾಲಯ 2019ರಲ್ಲೇ ಹೇಳಿತ್ತು. ನಮ್ಮ ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ, ನನಗೆ ತುಂಬ ಇಷ್ಟ. ಫೋನಿನಲ್ಲಿ ವೈದ್ಯರ ಸಲಹೆ ಕೊಡುವ ಆ್ಯಪ್ ಒಂದು ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳುತ್ತದೆ, ನೀವು ಹೂಂ ಅನ್ನುತ್ತೀರಿ. ಆದರೂ ಆ ಹೂಂ ಚಿಕಿತ್ಸೆಗೆ ಬೇಕಾದಷ್ಟಕ್ಕೆ ಮಾತ್ರ ಸಲ್ಲುತ್ತದೆ. ಮತ್ತೆ ಅದೇ ಪ್ರಶ್ನೆ ನೋಡಿ, ಕೊಟ್ಟದ್ದು ಯಾವುದಕ್ಕೆ?

ಇನ್ನು ಪಟ್ಟಿ ಬಿಟ್ಟು ಹೊರಬರುವುದು. ಒಪ್ಪಿಗೆ ಕೊಡುವುದು ಎಷ್ಟು ಸುಲಭವಿತ್ತೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು. ಇದು ಕಾಯ್ದೆಯ ಮಾತು. ದಾರಕ್ಕೆ ಕಟ್ಟಿದ ಪೆನ್ನಿನಿಂದ ಅರ್ಧ ನಿಮಿಷದಲ್ಲಿ ಸೇರಿಸಿಕೊಂಡವರು ನಾವು. ಆ ತಾಯಿ ಹೊರಬರಲು ಮೂರು ವರ್ಷ ಕಾದರು. ಸತ್ತ ಮೇಲೆ ತನ್ನ ಪರವಾಗಿ ಈ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವೂ ಈ ಕಾಯ್ದೆಯಲ್ಲಿದೆ. ಅದನ್ನು ಓದಿದ ದಿನ ನನಗೆ ಆ ಗೋಡೆಯ ಫೋಟೊ ಕಣ್ಣ ಮುಂದೆ ಬಂತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಹಾಗಾದರೆ ಕೆಲಸದ ಮಾತು ಬೇಗ ಹೇಳಿಬಿಡುತ್ತೇನೆ. ಪಟ್ಟಿ ಒಂದೇ ಕಡೆ ಇರಲಿ, ಒಬ್ಬರ ಹೊಣೆಯಲ್ಲಿರಲಿ. ನಾನೂರು ಜನರಿಗೆ ಕಳಿಸುವಾಗ ವಿಳಾಸಗಳನ್ನು ಬಿಸಿಸಿಯಲ್ಲಿ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲಿನಲ್ಲಿ ಹಾಕಿ, ಇಲ್ಲದಿದ್ದರೆ ನಾನೂರು ಜನರ ಕೈಗೂ ಪಟ್ಟಿ ಕೊಟ್ಟ ಹಾಗೆ. ಹೊಸ ವಿಳಾಸಕ್ಕೆ ಮೊದಲು ಒಂದು ಖಚಿತಪಡಿಸುವ ಇಮೇಲ್ ಕಳಿಸಿ, ಅದರಲ್ಲಿರುವ ಕೊಂಡಿಯನ್ನು ಅವರು ಒತ್ತಿದರೆ ಸೇರಿಸಿ. ಯಾರದೋ ವಿಳಾಸವನ್ನು ಇನ್ಯಾರೋ ಬರೆದಿರುವುದು ನಮ್ಮಲ್ಲಿ ಎಷ್ಟು ಸಲ ಆಗಿಲ್ಲ! ಪ್ರತಿ ಇಮೇಲಿನ ಕೊನೆಗೆ "ಇನ್ನು ಬೇಡ" ಎಂಬ ಕೊಂಡಿ ಇರಲಿ, ಅದು ಕೆಲಸ ಮಾಡಲಿ. ಹಳೇ ಪಟ್ಟಿ ಇದ್ದವರು ಅದರಲ್ಲಿರುವವರಿಗೆಲ್ಲ ಒಂದು ತಿಳಿವಳಿಕೆ ಕಳಿಸಬೇಕು: ನಿಮ್ಮ ಇಂತಿಂಥ ವಿವರ ನಮ್ಮಲ್ಲಿದೆ, ಇದಕ್ಕೆ ಬಳಸುತ್ತಿದ್ದೇವೆ, ಬೇಡವಾದರೆ ಹೀಗೆ ಹೇಳಿ ಎಂದು. ಹದಿನೆಂಟರ ಒಳಗಿನ ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಬೇಸಿಗೆ ಶಿಬಿರ ನಡೆಸುವವರು ಇದನ್ನು ಬರೆದಿಟ್ಟುಕೊಳ್ಳಿ.

ಆ ತಿಳಿವಳಿಕೆ ಇಂಗ್ಲಿಷಿನಲ್ಲೇ ಇರಬೇಕಾಗಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಅದನ್ನು ಓದುವ ಆಯ್ಕೆ ಜನರಿಗಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ, ಕನ್ನಡವೂ ಅದರಲ್ಲಿದೆ. ಇವತ್ತಿನ ಪುಸ್ತಕದ ಮೊದಲ ಹಾಳೆಯ ಮೇಲೆ ನಾವು ಬರೆದದ್ದನ್ನು ಓದುತ್ತೇನೆ, ಅವಸರದಲ್ಲಿ ಯಾರೂ ನೋಡಿರಲಿಕ್ಕಿಲ್ಲ:

"ನಮ್ಮ ಮುಂದಿನ ಉಪನ್ಯಾಸಗಳ ಆಮಂತ್ರಣ ಬೇಕಿದ್ದವರು ಮಾತ್ರ ಇಮೇಲ್ ಬರೆಯಿರಿ. ಫೋನ್ ನಂಬರು ಬೇಕಾಗಿಲ್ಲ. ಬೇರೆ ಯಾರಿಗೂ ಕೊಡುವುದಿಲ್ಲ. ಬೇಡವೆನಿಸಿದ ದಿನ ಒಂದು ಸಾಲು ಬರೆದರೆ ಅಳಿಸುತ್ತೇವೆ."

ಫೋನ್ ನಂಬರು ಬರೆದುಬಿಟ್ಟವರು ಹೋಗುವಾಗ ಹೊಡೆದುಹಾಕಿ ಹೋಗಿ. ಪೆನ್ನು ಅಲ್ಲೇ ಇದೆ. ನಮಸ್ಕಾರ.