ದಿನಕ್ಕೊಂದು ಕಂತು, ಕಂತಿಗೊಂದು ದನಿ: ಊರೂರಿನವರು ಸೇರಿ ನಡೆಸಿದ ಆಕಾಶದ ಪಾಡ್‌ಕಾಸ್ಟ್

[ತೆರೆ ಪೂರ್ತಿ ಕಪ್ಪು. ದನಿ ಮಾತ್ರ.]

ಕೈಯನ್ನು ಮುಂದಕ್ಕೆ ಪೂರ್ತಿ ಚಾಚಿ. ಮುಷ್ಟಿ ಕಟ್ಟಿ. ಮುಷ್ಟಿಯ ಕೆಳಭಾಗ ದಿಗಂತಕ್ಕೆ ತಾಗಿದ ಹಾಗೆ ಹಿಡಿಯಿರಿ. ಅದರ ಮೇಲೆ ಇನ್ನೊಂದು ಮುಷ್ಟಿ. ಅದರ ಮೇಲೆ ಅರ್ಧ. ಫೆಬ್ರವರಿಯಲ್ಲಿ, ರಾತ್ರಿ ಒಂಬತ್ತರ ಸುಮಾರಿಗೆ, ಬೆಂಗಳೂರಿನ ಯಾವುದಾದರೂ ತಾರಸಿ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಹೀಗೆ ಅಳೆದರೆ, ಎರಡೂವರೆ ಮುಷ್ಟಿ ಎತ್ತರದಲ್ಲಿ ಒಂದು ನಕ್ಷತ್ರ ಸಿಗುತ್ತದೆ. ಅದು ಅಗಸ್ತ್ಯ.

[ತೆರೆ ಬೆಳಗುತ್ತದೆ. ಮೇಜು, ಮೈಕು, ಪಕ್ಕದಲ್ಲಿ ಮಡಚಿಟ್ಟ ಕಂಬಳಿ.]

ನಮಸ್ಕಾರ. ಈಗ ನಾನು ಒಂದೇ ಒಂದು ಚಿತ್ರ ತೋರಿಸಲಿಲ್ಲ. ಆದರೂ ಎಲ್ಲಿ ನೋಡಬೇಕು ಅಂತ ನಿಮಗೆ ಗೊತ್ತಾಯಿತು, ಅಲ್ವಾ? ಆಕಾಶದ ವಿಷಯವನ್ನು ಬರೀ ದನಿಯಲ್ಲಿ ಹೇಳೋದು ಹುಚ್ಚು ಅಂತ ನನಗೂ ಮೊದಲು ಅನಿಸಿತ್ತು. ಆದರೆ ಅದನ್ನೇ ದಿನಕ್ಕೊಂದರಂತೆ ವರ್ಷಗಟ್ಟಲೆ ಮಾಡಿದವರಿದ್ದಾರೆ. ಆ ಪಾಡ್‌ಕಾಸ್ಟ್ ಹೆಸರು ‘365 ಡೇಸ್ ಆಫ್ ಅಸ್ಟ್ರಾನಮಿ’.

[ತೆರೆಯ ಮೇಲೆ: 1609, 2009]

ಗೆಲಿಲಿಯೋ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ್ದು 1609ರಲ್ಲಿ. ಅದಕ್ಕೆ 400 ವರ್ಷ ತುಂಬಿತೆಂದು 2009ನ್ನು ಅಂತರರಾಷ್ಟ್ರೀಯ ಖಗೋಳ ವರ್ಷ ಅಂತ ಆಚರಿಸಿದರು. 148 ದೇಶಗಳು ಸೇರಿಕೊಂಡವು. ಭಾಷಣ, ಅಂಚೆಚೀಟಿ, ಪ್ರದರ್ಶನ ಎಲ್ಲಾ ಆಯಿತು. ಅದರ ಜೊತೆಗೆ ಅಮೆರಿಕದ ಖಗೋಳ ವಿಜ್ಞಾನಿ ಪಮೆಲಾ ಗೇ ಮತ್ತು ಗೆಳೆಯರು ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿದರು. 2009ರ ಜನವರಿ 1ರಿಂದ ಡಿಸೆಂಬರ್ 31ರ ತನಕ, ದಿನಾ ಒಂದು ಕಂತು. ಒಂದೊಂದು ಐದರಿಂದ ಹತ್ತು ನಿಮಿಷ.

ಸಣ್ಣ ಕೆಲಸ ಅಂದೆನಾ? ಲೆಕ್ಕ ಹಾಕಿ ನೋಡಿ. ಏಳು ನಿಮಿಷ ಮಾತಾಡಬೇಕೆಂದರೆ ಮೊದಲು ಓದಬೇಕು, ಬರೆಯಬೇಕು, ತಪ್ಪಿಲ್ಲ ಅಂತ ನೋಡಿಕೊಳ್ಳಬೇಕು. ಆಮೇಲೆ ರೆಕಾರ್ಡಿಂಗ್, ಎಡಿಟಿಂಗ್. ನನಗಂತೂ ಎರಡು ಸಂಜೆ ಬೇಕು. ಒಬ್ಬರೇ ದಿನಾ ಮಾಡಿದರೆ ತಿಂಗಳಲ್ಲಿ ಗಂಟಲೂ ಹೋಗುತ್ತದೆ, ಮನೆಯವರ ತಾಳ್ಮೆಯೂ ಹೋಗುತ್ತದೆ.

ಅವರು ಹಿಡಿದ ದಾರಿ ನಮ್ಮ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತು. ಮುಯ್ಯಾಳು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ. ಇಲ್ಲಿ ಗದ್ದೆ ಅಂದರೆ ಕ್ಯಾಲೆಂಡರ್. ಯಾರು ಬೇಕಾದರೂ ಒಂದು ತಾರೀಖು ಹಿಡಿದುಕೊಳ್ಳಬಹುದು. ತಾವೇ ಬರೆದು, ತಾವೇ ಓದಿ, ಧ್ವನಿ ಕಡತ ಕಳಿಸಬಹುದು. ಮೇಷ್ಟ್ರುಗಳು, ವಿದ್ಯಾರ್ಥಿಗಳು, ಹವ್ಯಾಸಿಗಳು, ವೃತ್ತಿಯ ವಿಜ್ಞಾನಿಗಳು, ಎಲ್ಲರೂ ಕಳಿಸಿದರು. ನಡುವೆ ಒಂದಿಷ್ಟು ಜನ ಕೂತು ದನಿ ಸರಿ ಮಾಡಿ, ಮುಂದೆ ‘ಮೂರು, ಎರಡು, ಒಂದು’ ಅನ್ನೋ ಎಣಿಕೆ ಸೇರಿಸಿ ಬಿಟ್ಟರು.

[ತೆರೆಯ ಮೇಲೆ: ಭೂಪಟ. ನ್ಯೂಯಾರ್ಕ್, ಬೆಂಗಳೂರು, ಕ್ಯಾನ್‌ಬೆರಾ.]

ಇದರಲ್ಲಿ ಇನ್ನೊಂದು ಲಾಭ ಇದೆ. ನನಗೆ ಅದೇ ಜಾಸ್ತಿ ದೊಡ್ಡದು. ಮತ್ತೆ ಅಗಸ್ತ್ಯಕ್ಕೆ ಬನ್ನಿ. ರಾತ್ರಿ ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಅತಿ ಹೆಚ್ಚು ಹೊಳೆಯುವ ನಕ್ಷತ್ರ ಅದೇ. ಆದರೆ ನ್ಯೂಯಾರ್ಕಿನಲ್ಲಿ ಕೂತವರಿಗೆ ವರ್ಷದ ಒಂದು ದಿನವೂ ಅದು ಕಾಣೋದಿಲ್ಲ. ಅಲ್ಲಿ ಅದು ದಿಗಂತದಿಂದ ಮೇಲೆ ಏಳುವುದೇ ಇಲ್ಲ. ಲಂಡನ್ನಿನವರಿಗೂ ಅಷ್ಟೇ. ಕ್ಯಾನ್‌ಬೆರಾದವರಿಗೆ ಹೆಚ್ಚುಕಡಿಮೆ ನೆತ್ತಿ ಮೇಲೇ ಬರುತ್ತದೆ. ನಾವು ನಡುವಿನವರು. ಎಲ್ಲ ಕಂತನ್ನೂ ಒಂದೇ ಊರಿನವರು ಮಾಡಿದ್ದರೆ ‘ಇವತ್ತಿನ ಆಕಾಶ’ ಅಂದರೆ ಅವರ ಊರಿನ ಆಕಾಶ ಮಾತ್ರ ಆಗುತ್ತಿತ್ತು. ಇಲ್ಲಿ ‘ಚೀಪ್ ಅಸ್ಟ್ರಾನಮಿ’ ಸರಣಿ ಬಂದದ್ದು ಆಸ್ಟ್ರೇಲಿಯಾದಿಂದ. ಮುಂದೆ ಇಡೀ ಪಾಡ್‌ಕಾಸ್ಟಿನ ಉಸ್ತುವಾರಿ ಹೊತ್ತ ಅವಿವಾ ಯಮಾನಿ ಇಂಡೋನೇಷ್ಯಾದವರು.

ಹವ್ಯಾಸಿಗಳು ಅಂದರೆ ಸುಮ್ನೆ ಕಥೆ ಹೇಳುವವರು ಅಂತ ಅಂದುಕೊಳ್ಳಬೇಡಿ. ಅದೇ 2009ರ ಜುಲೈ 19ರಂದು ಆಸ್ಟ್ರೇಲಿಯಾದ ಆಂಥನಿ ವೆಸ್ಲಿ ತಮ್ಮ ಮನೆಯ ದೂರದರ್ಶಕದಲ್ಲಿ ಗುರುಗ್ರಹ ನೋಡುತ್ತಿದ್ದರು. ಅವರ ಕೆಲಸ ಕಂಪ್ಯೂಟರ್ ಪ್ರೋಗ್ರಾಮಿಂಗ್. ಗುರುವಿನ ಮೈಮೇಲೆ ಹಿಂದೆ ಇಲ್ಲದ ಒಂದು ಕಪ್ಪು ಮಚ್ಚೆ ಕಂಡಿತು. ಏನೋ ಬಂದು ಅಪ್ಪಳಿಸಿತ್ತು. ಅವರು ಸುದ್ದಿ ಕೊಟ್ಟ ಮೇಲೆ ಹವಾಯಿಯಲ್ಲಿರುವ ನಾಸಾ ದೂರದರ್ಶಕ ಆ ಕಡೆ ತಿರುಗಿತು, ನಿಜ ಅಂತ ಖಚಿತವಾಯಿತು. ಆ ವರ್ಷ ಮಾತಿಗೆ ಬರವೇ ಇರಲಿಲ್ಲ ಬಿಡಿ. ಮಾರ್ಚಿನಲ್ಲಿ, ಬೇರೆ ನಕ್ಷತ್ರಗಳ ಸುತ್ತ ಗ್ರಹ ಹುಡುಕುವ ಕೆಪ್ಲರ್ ದೂರದರ್ಶಕ ಬಾಹ್ಯಾಕಾಶಕ್ಕೆ ಹಾರಿತು. ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-1ರಲ್ಲಿದ್ದ ನಾಸಾ ಉಪಕರಣ ಚಂದ್ರನ ಮೇಲೆ ನೀರಿನ ಗುರುತು ಕಂಡಿದೆ ಅಂತ ಘೋಷಣೆ ಆಯಿತು. ಚಂದ್ರಯಾನದ ಮಾತು ಕೇಳಿಸಿಕೊಳ್ಳಲೆಂದೇ ಕಟ್ಟಿದ 32 ಮೀಟರಿನ ಆಂಟೆನಾ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ.

[ಶಬ್ದ: ಗರಗರ ಎಂದು ವೇಗವಾಗಿ ಬಡಿಯುವ ಸದ್ದು, ಐದು ಸೆಕೆಂಡು.]

ಇದು ಡೋಲು ಅಲ್ಲ. ಇದು ವೀಲಾ ಪಲ್ಸಾರ್. ಸತ್ತ ನಕ್ಷತ್ರದ ಗಟ್ಟಿ ತಿರುಳು, ಸೆಕೆಂಡಿಗೆ ಸುಮಾರು 11 ಸಲ ತಿರುಗುತ್ತದೆ. ದೀಪಸ್ತಂಭದ ಬೆಳಕು ಸುತ್ತಿ ಬಂದ ಹಾಗೆ ಪ್ರತಿ ಸುತ್ತಿಗೂ ರೇಡಿಯೋ ಅಲೆ ನಮ್ಮ ಕಡೆ ಹಾಯುತ್ತದೆ. ಆ ಅಲೆಯನ್ನು ಹಿಡಿದು ಸ್ಪೀಕರಿಗೆ ಕೊಟ್ಟರೆ ಈ ಸದ್ದು. ಅಲ್ಲಿ ಗಾಳಿ ಇಲ್ಲ, ಹಾಗಾಗಿ ಈ ಸದ್ದು ಅಲ್ಲಿಂದ ಬಂದದ್ದಲ್ಲ, ಬಂದದ್ದು ಬರೀ ರೇಡಿಯೋ ಅಲೆ. ಇದು ಇರುವುದು ಎಲ್ಲಿ ಗೊತ್ತಾ? ದಕ್ಷಿಣಕ್ಕೆ ನಿಂತು ಅಗಸ್ತ್ಯ ನೋಡಿದಿರಲ್ಲ, ಅದರ ಎಡಕ್ಕೆ. ಇದರ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಈ ಬಡಿತ ಅದರಲ್ಲಿ ಸಿಗೋದಿಲ್ಲ.

ಒಂದು ವರ್ಷಕ್ಕೆ ಅಂತ ಶುರುವಾದದ್ದು 2010ಕ್ಕೂ ಬಂತು, ಆಮೇಲೂ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ಸ್ವರೂಪ ಬದಲಾಯಿತು. ದಿನಾ ಹೊಸಬರು ಸಿಗೋದು ಕಷ್ಟ. ಹಾಗಾಗಿ ಸರಣಿಗಳು ಜಾಗ ಹಿಡಿದವು. ಅಮೆರಿಕದ ಅರಿಜೋನಾದಲ್ಲಿ ಕ್ಷುದ್ರಗ್ರಹ ಹುಡುಕಿದ ಅಲ್ ಗ್ರಾವರ್ ಅವರ ಎರಡೆರಡು ನಿಮಿಷದ ಕಂತುಗಳು ನನಗೆ ಇಷ್ಟ. ಆದರೂ ಮೊದಲ ವರ್ಷದ ಕಂತು ಕೇಳಿದರೆ ಬೇರೆಯೇ ರುಚಿ. ದನಿ ನಡುಗುತ್ತದೆ, ಕಾಗದ ಸರಿದ ಸದ್ದು ಬರುತ್ತದೆ.

[ನಿರೂಪಕ ಕಂಬಳಿ ಎತ್ತಿಕೊಳ್ಳುತ್ತಾನೆ.]

ಈಗ ಕಂಬಳಿಯ ವಿಷಯ. ಖಾಲಿ ಕೋಣೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ಕಂಬಳಿ ಆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಹಾಗಾಗಿ ನಾನೂ ಮೊನ್ನೆ ಕಂಬಳಿ ಹೊದ್ದು, ಕೈಯಲ್ಲಿ ಫೋನು ಹಿಡಿದು, ಕನ್ನಡದಲ್ಲಿ ಅಗಸ್ತ್ಯದ ಬಗ್ಗೆ ಆರು ನಿಮಿಷ ಮಾತಾಡಿದೆ. ಒಳಗೆ ಸೆಕೆ ಅಂದರೆ ಸೆಕೆ. ಮೊದಲ ಸಲ ಎಡ, ಬಲ ತಪ್ಪಿ ಹೇಳಿದೆ. ಎರಡನೇ ಸಲ ಫೋನಿಗೆ ಕರೆ ಬಂತು. ಮೂರನೇ ಸಲ ಎಲ್ಲಾ ಸರಿ ಹೋಯಿತು, ‘ಎರಡೂವರೆ ಮುಷ್ಟಿ’ ಅನ್ನೋ ತನಕ. ಅಷ್ಟರಲ್ಲಿ ಪಕ್ಕದ ಮನೆ ಕುಕ್ಕರ್ ಕೂಗಿತು. ನಾಲ್ಕನೇ ಸಲಕ್ಕೆ ಶಕ್ತಿ ಇರಲಿಲ್ಲ. ಹಾಗೇ ಬಿಟ್ಟಿದ್ದೇನೆ, ಕೇಳಿ.

[ತೆರೆ ಮತ್ತೆ ಕಪ್ಪು. ಧ್ವನಿಮುದ್ರಣ ಶುರು.]