ಹದಿನಾಲ್ಕನೆಯ ದಿನದ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ

ಮಾನ್ಯ ಕೇಳುಗರೇ, ನಮಸ್ಕಾರ.

ಮುಟ್ಟು ಆರಂಭವಾದ ದಿನವನ್ನು ಒಂದನೆಯ ದಿನವೆಂದು ಹಿಡಿದು ಎಣಿಸಿದರೆ ಹದಿನಾಲ್ಕನೆಯ ದಿನ ಅಂಡಾಶಯದಿಂದ ಅಂಡಾಣು ಹೊರಬರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಋತುಚಕ್ರ ಸರಿಯಾಗಿ 28 ದಿನಗಳದ್ದಾಗಿದ್ದರೆ ಈ ಲೆಕ್ಕ ಬಹುಮಟ್ಟಿಗೆ ನಿಜ. ಆದರೆ ಆರೋಗ್ಯವಂತ ಮಹಿಳೆಯರಲ್ಲಿಯೂ ಚಕ್ರ 24 ದಿನಗಳಷ್ಟು ಚಿಕ್ಕದಾಗಿರಬಹುದು, 35 ದಿನಗಳಷ್ಟು ದೀರ್ಘವಾಗಿರಬಹುದು. ಒಬ್ಬಳಲ್ಲಿಯೇ ಒಂದು ತಿಂಗಳಿನಿಂದ ಇನ್ನೊಂದಕ್ಕೆ ಕೆಲವು ದಿನಗಳು ಹಿಂದುಮುಂದಾಗಬಹುದು. ಹಾಗಿರುವಾಗ ಎಲ್ಲರಿಗೂ ಒಂದೇ ದಿನವನ್ನು ಗೊತ್ತುಮಾಡಿ ಹೇಳುವುದು, ಮಗುವನ್ನು ಬಯಸಿ ಕಾಯುತ್ತಿರುವ ದಂಪತಿಗಳನ್ನು ಅನಗತ್ಯವಾದ ನಿರಾಶೆಗೆ ಒಡ್ಡುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಚಕ್ರದ ಮೊದಲ ಭಾಗದಲ್ಲಿದೆ. ಅಂಡಾಣುವನ್ನು ಹೊತ್ತ ಕೋಶಿಕೆ ಅಂಡಾಶಯದಲ್ಲಿ ಬೆಳೆದು ಪಕ್ವವಾಗುವ ಅವಧಿ ಇದು. ಕಾಯಿಲೆ, ಮಾನಸಿಕ ಒತ್ತಡ, ತೂಕದಲ್ಲಾಗುವ ದೊಡ್ಡ ಏರಿಳಿತ ಇವುಗಳಿಂದ ಈ ಬೆಳವಣಿಗೆ ನಿಧಾನವಾಗಬಹುದು. ಅಂಡಾಣು ಹೊರಬಂದ ಮೇಲಿನ ಭಾಗ ಮಾತ್ರ ಇಷ್ಟು ಚಂಚಲವಲ್ಲ. ಬರಿದಾದ ಕೋಶಿಕೆಯೇ ಪ್ರೊಜೆಸ್ಟರಾನ್ ಹಾರ್ಮೋನನ್ನು ಸ್ರವಿಸುತ್ತಾ ಗರ್ಭಕೋಶದ ಒಳಪದರವನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಅದು ಸೊರಗಿ ಮುಟ್ಟು ಬರುತ್ತದೆ. ಆದ್ದರಿಂದ ಲೆಕ್ಕವನ್ನು ಕಳೆದ ಮುಟ್ಟಿನಿಂದ ಮುಂದಕ್ಕೆ ಹಾಕದೆ, ಬರಲಿರುವ ಮುಟ್ಟಿನಿಂದ ಹಿಂದಕ್ಕೆ ಹಾಕಬೇಕು. 35 ದಿನಗಳ ಚಕ್ರದಲ್ಲಿ ಅಂಡಾಣು ಹೊರಬರುವುದು ಸುಮಾರಾಗಿ 21ನೆಯ ದಿನ, 24 ದಿನಗಳ ಚಕ್ರದಲ್ಲಿ ಹತ್ತನೆಯ ದಿನದ ಆಸುಪಾಸು. ಈ ತಿಳಿವಳಿಕೆಯನ್ನು 1920ರ ದಶಕದಲ್ಲಿ ಜಪಾನಿನ ಕ್ಯೂಸಾಕು ಒಗಿನೊ ಮತ್ತು ಆಸ್ಟ್ರಿಯದ ಹರ್ಮನ್ ಕ್ನೌಸ್ ಎಂಬ ವೈದ್ಯರು ಬೇರೆಬೇರೆಯಾಗಿ ಕಂಡುಕೊಂಡರು. ಬರಲಿರುವ ಮುಟ್ಟಿನ ದಿನವೇ ಒಂದು ಊಹೆಯಾದ್ದರಿಂದ ಇದೂ ಅಂದಾಜೇ ಹೊರತು ಖಚಿತವಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಅದೃಷ್ಟವಶಾತ್, ಗರ್ಭಧಾರಣೆಗೆ ಆ ಒಂದು ದಿನವನ್ನೇ ಹಿಡಿಯಬೇಕಾದ ಅಗತ್ಯವಿಲ್ಲ. ಹೊರಬಂದ ಅಂಡಾಣು ಹೆಚ್ಚೆಂದರೆ ಒಂದು ದಿನ ಫಲಿಸಬಲ್ಲ ಸ್ಥಿತಿಯಲ್ಲಿರುತ್ತದೆ. ಆದರೆ ವೀರ್ಯಾಣುಗಳು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಅನುಕೂಲಕರವಾದ ಲೋಳೆಯಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲವು. ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಹೋದ್ಯೋಗಿಗಳು 221 ಮಹಿಳೆಯರನ್ನು ಅಧ್ಯಯನ ಮಾಡಿ, ಅಂಡಾಣು ಬಿಡುಗಡೆಯ ದಿನ ಹಾಗೂ ಅದರ ಹಿಂದಿನ ಐದು ದಿನ, ಒಟ್ಟು ಆರು ದಿನಗಳ ಮಿಲನದಿಂದ ಮಾತ್ರ ಗರ್ಭ ನಿಂತದ್ದನ್ನು 1995ರಲ್ಲಿ ಪ್ರಕಟಿಸಿದರು. ಈ ಆರು ದಿನಗಳು ಪೂರ್ತಿಯಾಗಿ, ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತಿದ್ದ ಚಕ್ರದ 10ರಿಂದ 17ನೆಯ ದಿನದೊಳಗೆ ಬಂದದ್ದು ಸುಮಾರು ಶೇಕಡ 30ರಷ್ಟು ಮಹಿಳೆಯರಲ್ಲಿ ಮಾತ್ರ ಎಂದು ಅವರೇ 2000ದಲ್ಲಿ ತೋರಿಸಿದರು. ಕ್ಯಾಲೆಂಡರನ್ನು ಮಾತ್ರ ನಂಬಬಾರದೆನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ಹಾಗಾದರೆ ದೇಹವೇ ಕೊಡುವ ಸೂಚನೆಗಳಾವುವು? ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು, ಖರ್ಚಿಲ್ಲದ್ದು, ಗರ್ಭಕಂಠದ ಲೋಳೆಯನ್ನು ಗಮನಿಸುವುದು. ಈಸ್ಟ್ರೋಜೆನ್ ಎಂಬ ಹಾರ್ಮೋನು ಏರಿದಂತೆ ಅದು ಮೊಟ್ಟೆಯ ಬಿಳಿಯ ಲೋಳೆಯಂತೆ ತಿಳಿಯಾಗಿ, ಜಾರುವಂತಾಗಿ, ಬೆರಳುಗಳ ನಡುವೆ ಎಳೆಯಾಗಿ ಹಿಗ್ಗುತ್ತದೆ. ಈ ಬದಲಾವಣೆ ಅಂಡಾಣು ಬಿಡುಗಡೆಗೆ ಮುಂಚೆಯೇ ಕಾಣುವುದರಿಂದ ಸಕಾಲಿಕವಾದದ್ದು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಅಳೆಯುವ ದೇಹದ ತಾಪಮಾನವಾದರೋ ಅಂಡಾಣು ಹೊರಬಂದ ಮೇಲೆ ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ ನಿಲ್ಲುತ್ತದೆ. ಘಟನೆ ನಡೆದುಹೋಗಿದೆ ಎಂಬುದನ್ನು ಅದು ದೃಢಪಡಿಸುತ್ತದೆಯೇ ಹೊರತು ಮುಂದಾಗಿ ತಿಳಿಸುವುದಿಲ್ಲ. ಜ್ವರ ಬಂದರೂ ನಿದ್ದೆ ಕೆಟ್ಟರೂ ಈ ಅಳತೆ ದಾರಿ ತಪ್ಪಿಸುತ್ತದೆ.

ಔಷಧಿ ಅಂಗಡಿಗಳಲ್ಲಿ ಸಿಗುವ ಮೂತ್ರ ಪರೀಕ್ಷೆಯ ಪಟ್ಟಿಗಳು ಎಲ್‌ಎಚ್ ಎಂಬ ಹಾರ್ಮೋನಿನ ಹಠಾತ್ ಏರಿಕೆಯನ್ನು ಗುರುತಿಸುತ್ತವೆ. ಆ ಏರಿಕೆಯ ಅನಂತರ ಸಾಮಾನ್ಯವಾಗಿ ಒಂದರಿಂದ ಒಂದೂವರೆ ದಿನದೊಳಗೆ ಅಂಡಾಣು ಬಿಡುಗಡೆಯಾಗುತ್ತದೆ. ಆದರೆ ಪಿಸಿಓಎಸ್, ಅಂದರೆ ಅಂಡಾಶಯದ ಕೆಲಸವನ್ನು ಏರುಪೇರುಗೊಳಿಸುವ ಹಾರ್ಮೋನಿನ ತೊಂದರೆ, ಇರುವ ಮಹಿಳೆಯರಲ್ಲಿ ಈ ಹಾರ್ಮೋನು ಸದಾ ಹೆಚ್ಚಾಗಿರುವ ಸಾಧ್ಯತೆ ಇರುವುದರಿಂದ, ಅಂಡಾಣು ಬಿಡುಗಡೆಯಾಗದಿದ್ದರೂ ಪಟ್ಟಿ ಆಗಿದೆಯೆಂಬಂತೆ ತೋರಿಸಬಹುದು.

ವೈದ್ಯರ ಬಳಿಗೆ ಹೋದಾಗಲೂ ನಿಮ್ಮ ಚಕ್ರದ ಅವಧಿಯನ್ನು ಮೊದಲೇ ಹೇಳಿ. ಅಂಡಾಣು ಬಿಡುಗಡೆಯಾಯಿತೇ ಎಂದು ತಿಳಿಯಲು ಮಾಡುವ ಪ್ರೊಜೆಸ್ಟರಾನ್ ರಕ್ತಪರೀಕ್ಷೆಗೆ 21ನೆಯ ದಿನದ ಪರೀಕ್ಷೆ ಎಂಬ ಹೆಸರು ಬಳಕೆಯಲ್ಲಿದೆ. ಅದನ್ನು ನಿಜಕ್ಕೂ ಮಾಡಬೇಕಾದದ್ದು ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು. 35 ದಿನಗಳ ಚಕ್ರದವಳಿಗೆ ಅದು 28ನೆಯ ದಿನವಾಗುತ್ತದೆ. 21ನೆಯ ದಿನವೇ ರಕ್ತ ಕೊಟ್ಟರೆ, ಎಲ್ಲವೂ ಸರಿಯಿದ್ದರೂ ಅಂಡಾಣು ಬಿಡುಗಡೆಯಾಗಿಲ್ಲವೆಂಬ ತಪ್ಪು ವರದಿ ಕೈಸೇರುತ್ತದೆ.

ಗರ್ಭ ಬೇಡವೆನ್ನುವವರು ಈ ದಿನಗಳ ಎಣಿಕೆಯೊಂದನ್ನೇ ನೆಚ್ಚಿಕೊಳ್ಳುವುದು ಅಪಾಯಕರ. ಹೆರಿಗೆಯ ಅನಂತರ ಹಾಲೂಡಿಸುತ್ತಿರುವಾಗ, ಮುಟ್ಟು ನಿಲ್ಲುವ ವಯಸ್ಸು ಸಮೀಪಿಸಿದಾಗ ಚಕ್ರ ಏರುಪೇರಾಗುವುದರಿಂದ ಅದು ಇನ್ನಷ್ಟು ಅಪಾಯಕರ. ಇತ್ತ ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ, ಮಹಿಳೆಯ ವಯಸ್ಸು 35 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಆರು ತಿಂಗಳಲ್ಲಿಯೇ, ಇಬ್ಬರೂ ಒಟ್ಟಿಗೆ ತಜ್ಞರನ್ನು ಕಾಣಬೇಕು. ಮುಟ್ಟು ತಿಂಗಳುಗಟ್ಟಲೆ ಬಾರದಿರುವವರು ಅಷ್ಟು ಕಾಲವೂ ಕಾಯಬೇಕಾಗಿಲ್ಲ.