ದೇವರ ಮೇಲೆ ಭಾರ ಹಾಕುವುದು: ಆತಂಕದ ದಿನಗಳಲ್ಲಿ ವಿಶ್ವಾಸ

ಸಭಾಪಾಲಕರೇ, ಸಭೆಯ ಹಿರಿಯರೇ, ಕ್ರಿಸ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರೇ,

ಹಲವು ವರ್ಷಗಳ ಹಿಂದೆ ಒಂದು ಮನೆಯ ಪ್ರಾರ್ಥನಾ ಕೂಟದಲ್ಲಿ, ಮಗನ ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡು ಬಂದಿದ್ದ ಒಬ್ಬ ತಾಯಿ, ಮೂರು ವಾರಗಳಿಂದ ತಮಗೆ ನಿದ್ರೆಯಿಲ್ಲವೆಂದೂ ನಡುರಾತ್ರಿಯಲ್ಲಿ ಎದೆ ಹೊಡೆದುಕೊಂಡು ಎದ್ದು ಕೂರುತ್ತೇನೆಂದೂ ಹೇಳಿಕೊಂಡರು. ಅಪೊಸ್ತಲನಾದ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯವನ್ನು ನಾನು ತೆರೆದು, ಯಾವುದಕ್ಕೂ ಚಿಂತೆ ಮಾಡಬಾರದೆಂದು ದೇವರ ವಾಕ್ಯವೇ ಹೇಳಿರುವಾಗ ವಿಶ್ವಾಸಿಗಳಾದ ನಾವು ಅಂಜುವುದು ತರವಲ್ಲವೆಂದು ಹೇಳಿದೆ. ಆಕೆ ತಲೆಯಾಡಿಸಿ ಸುಮ್ಮನಾದರು. ಆಮೇಲೆ ಆ ಮಾತನ್ನು ಅವರು ಕೂಟದಲ್ಲಿ ಮತ್ತೆ ಎತ್ತಲೇ ಇಲ್ಲ. ಅವರ ಭಯ ನೀಗಿತೆಂದು ನಾನು ಬಹಳ ಕಾಲ ತಿಳಿದಿದ್ದೆ. ಅವರು ಅದನ್ನು ನಮ್ಮಿಂದ ಮುಚ್ಚಿಟ್ಟುಕೊಂಡಿದ್ದರೆಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಇಂದು ನಾನು ಆಡುವ ಮಾತುಗಳನ್ನು ಅಂದೇ ಅವರ ಮುಂದೆ ಆಡಬೇಕಾಗಿತ್ತು.

ದೇವರ ಮೇಲೆ ಭಾರ ಹಾಕುವುದೆಂಬ ಮಾತು ನಮ್ಮ ಮನೆಮನೆಯಲ್ಲಿದೆ. ಮಗಳನ್ನು ದೂರದ ಊರಿಗೆ ಓದಲು ಕಳುಹಿಸುವ ತಂದೆ, ಸಾಲ ಮಾಡಿ ಬಾವಿ ತೋಡಿಸುವ ರೈತ, ಎಲ್ಲರೂ ಈ ಮಾತನ್ನು ಆಡುತ್ತಾರೆ. ಗಮನಿಸಿ ನೋಡಿ: ದೇವರ ಮೇಲೆ ಭಾರ ಹಾಕಿದೆನೆಂದು ಹೇಳಿದ ತಂದೆ ಮನೆಯಲ್ಲಿ ಕೂರುವುದಿಲ್ಲ, ಮಗಳ ಪೆಟ್ಟಿಗೆಯನ್ನು ಹೊತ್ತು ಬಸ್ ನಿಲ್ದಾಣಕ್ಕೆ ಹೋಗುತ್ತಾನೆ. ಮಾಡಬೇಕಾದ ಕೆಲಸವನ್ನು ಮಾಡುತ್ತಲೇ, ತನ್ನ ಕೈಮೀರಿದ್ದನ್ನು ದೇವರಿಗೆ ಒಪ್ಪಿಸುವುದೆಂಬ ಅರ್ಥ ಆ ನುಡಿಯೊಳಗೇ ಇದೆ. ನಮ್ಮ ಕನ್ನಡ ಬೈಬಲ್ ಐವತ್ತೈದನೆಯ ಕೀರ್ತನೆಯ ಇಪ್ಪತ್ತೆರಡನೆಯ ವಚನದಲ್ಲಿ, ಚಿಂತಾಭಾರವನ್ನು ಯೆಹೋವನ ಮೇಲೆ ಹಾಕೆಂದು ಹೇಳುವಾಗ ಇದೇ ನುಡಿಯನ್ನು ಬಳಸುತ್ತದೆ.

ಆ ಕೀರ್ತನೆಯನ್ನು ಮೊದಲಿನಿಂದ ಓದಿದವರಿಗೆ, ಈ ವಚನವನ್ನು ಹೇಳುತ್ತಿರುವವನು ನೆಮ್ಮದಿಯಲ್ಲಿದ್ದವನಲ್ಲವೆಂಬುದು ತಿಳಿಯುತ್ತದೆ. ಅವನ ಹೃದಯ ನಡುಗುತ್ತಿದೆ. ಮರಣಭಯ ಅವನನ್ನು ಮುತ್ತಿಕೊಂಡಿದೆ. ಪಾರಿವಾಳದ ರೆಕ್ಕೆಗಳಿದ್ದರೆ ಹಾರಿಹೋಗಿ ಅರಣ್ಯದಲ್ಲಿ ತಂಗುತ್ತಿದ್ದೆನೆಂದು ಅವನು ಹಂಬಲಿಸುತ್ತಾನೆ. ಎಲ್ಲಾದರೂ ಓಡಿಹೋಗಬೇಕೆಂಬ ತವಕ ಆತಂಕದಲ್ಲಿರುವವರಿಗೆಲ್ಲ ಚೆನ್ನಾಗಿ ಗೊತ್ತು. ಅವನಿಗೆ ದ್ರೋಹ ಮಾಡಿದವನು ಹಗೆಯಲ್ಲ, ಒಟ್ಟಿಗೆ ದೇವಾಲಯಕ್ಕೆ ನಡೆದುಹೋಗುತ್ತಿದ್ದ ಆಪ್ತಮಿತ್ರ. ಇಂಥವನು ಸಂಜೆ, ಮುಂಜಾನೆ, ಮಧ್ಯಾಹ್ನ ದೇವರ ಮುಂದೆ ಮೊರೆಯಿಡುತ್ತಾನೆ. ಭಾರವನ್ನು ಹಾಕುವುದು ಒಂದೇ ಸಲಕ್ಕೆ ಮುಗಿದುಬಿಡುವ ಕೆಲಸವಾಗಿದ್ದರೆ ದಿನಕ್ಕೆ ಮೂರು ಸಲ ಮೊರೆಯಿಡುವ ಅಗತ್ಯ ಅವನಿಗೆ ಇರುತ್ತಿರಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮಾಡಿದೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಭಯ ಬಂತು, ಆದುದರಿಂದ ನನ್ನ ಪ್ರಾರ್ಥನೆ ಸುಳ್ಳಾಯಿತು ಎಂದು ಕೊರಗುವವರು ಈ ಕೀರ್ತನೆಯ ಹದಿನೇಳನೆಯ ವಚನವನ್ನು ಗುರುತುಹಾಕಿಟ್ಟುಕೊಳ್ಳಬೇಕು.

ಹಾಗೆ ಭಾರ ಹಾಕಿದವನಿಗೆ ದೇವರು ಕೊಡುವ ವಾಗ್ದಾನವೇನು? ಭಾರವನ್ನು ಇಲ್ಲದಂತೆ ಮಾಡುವೆನೆಂದು ವಚನ ಹೇಳುವುದಿಲ್ಲ. ಆತನು ನಿನ್ನನ್ನು ಆಧರಿಸುವನೆಂದು ಹೇಳುತ್ತದೆ. ಇಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ಉಣಿಸಿ ಸಲಹುವುದು ಎಂಬ ಅರ್ಥವಿದೆ. ಬರಗಾಲದಲ್ಲಿ ಯೋಸೇಫನು ತನ್ನ ತಂದೆಯನ್ನೂ ಅಣ್ಣತಮ್ಮಂದಿರನ್ನೂ ಸಾಕಿದ್ದನ್ನು ಹೇಳಲು ಆದಿಕಾಂಡವು ಇದೇ ಪದವನ್ನು ಬಳಸಿದೆ. ಕೆರೀತ್ ಹಳ್ಳದ ಬಳಿ ಎಲೀಯನನ್ನು ಸಾಕಬೇಕೆಂದು ದೇವರು ಕಾಗೆಗಳಿಗೆ ಅಪ್ಪಣೆ ಕೊಟ್ಟಾಗಲೂ ಬರುವುದು ಇದೇ ಪದ. ನಮ್ಮ ಹಳೆಯ ದಾರಿಗಳ ಬದಿಯಲ್ಲಿ ಇಂದಿಗೂ ಅಲ್ಲಲ್ಲಿ ಹೊರೆಗಲ್ಲುಗಳು ನಿಂತಿವೆ: ಎರಡು ಕಂಬಗಲ್ಲುಗಳ ಮೇಲೆ ಆಳೆತ್ತರದಲ್ಲಿ ಒಂದು ಅಡ್ಡಗಲ್ಲು. ತಲೆಹೊರೆ ಹೊತ್ತು ನಡೆಯುವವನು ಯಾರ ನೆರವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಸರಿಸಿ, ಕತ್ತು ಸಡಿಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೊತ್ತು ಮುಂದಕ್ಕೆ ಹೋಗುತ್ತಿದ್ದನು. ಪ್ರಾರ್ಥನೆಯ ವಿಷಯ ಮಾತಾಡುವಾಗ ನನಗೆ ಆ ಕಲ್ಲು ನೆನಪಾಗುತ್ತದೆ. ಆದರೆ ನಮ್ಮ ದೇವರು ಕಲ್ಲಿನಂತೆ ದಾರಿಯಲ್ಲೇ ಉಳಿದುಬಿಡುವವನಲ್ಲ. ಹೊರೆಯ ಜೊತೆಗೆ ಹೊತ್ತವನನ್ನೂ ಆತುಕೊಂಡು ನಡೆಯುವವನು.

ಎಲೀಯನ ಮಾತು ಬಂದುದರಿಂದ ಅವನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲೋಣ. ಅರಸುಗಳ ಮೊದಲನೆಯ ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯವನ್ನು ಕಂಡಿದ್ದ ಪ್ರವಾದಿ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಪ್ರಾಣಭಯದಿಂದ ಬೇರ್ಷೆಬದವರೆಗೆ ಓಡುತ್ತಾನೆ. ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡೆಂದು ದೇವರನ್ನು ಬೇಡುತ್ತಾನೆ. ಅವನಿಗೆ ದೇವರು ಉಪದೇಶ ಮಾಡಲಿಲ್ಲ, ಅವಿಶ್ವಾಸಿಯೆಂದು ಗದರಲಿಲ್ಲ. ದೇವದೂತನು ಅವನನ್ನು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ಒಂದು ತಂಬಿಗೆ ನೀರನ್ನೂ ತೋರಿಸುತ್ತಾನೆ. ಎಲೀಯನು ತಿಂದು, ಕುಡಿದು, ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಸಲವೂ ಬಂದು, ಏಳು, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದೆನ್ನುತ್ತಾನೆ. ಮುಂದೆ ಹೋರೇಬ್ ಬೆಟ್ಟದ ಮೇಲೆ ಅವನಿಗೆ ಕೇಳಿಸಿದ ದೇವರ ಮೆಲುದನಿಯ ವಿಷಯದಲ್ಲಿ ನಾವು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಅದಕ್ಕಿಂತ ಮೊದಲು ಬಂದ ಎರಡು ಊಟ ಮತ್ತು ಎರಡು ನಿದ್ರೆಗಳ ವಿಷಯದಲ್ಲಿ ಕೇಳಿದ್ದು ಬಹಳ ಕಡಿಮೆ. ಭಯದಿಂದ ಬಳಲಿದವನ ಶರೀರವನ್ನು ದೇವರು ಮೊದಲು ನೋಡಿಕೊಂಡನು.

ಇನ್ನು ನಾನು ಅಂದು ಆ ತಾಯಿಗೆ ಆಜ್ಞೆಯಂತೆ ಓದಿ ಹೇಳಿದ ಪೌಲನ ಮಾತಿಗೆ ಬರುತ್ತೇನೆ. ಆ ಪತ್ರಿಕೆಯನ್ನು ಪೌಲನು ಸೆರೆಯಲ್ಲಿದ್ದು ಬರೆದನು. ಚಿಂತೆ ಮಾಡಬೇಡಿರೆನ್ನುವಾಗ ಅವನು ಬಳಸಿದ ಗ್ರೀಕ್ ಪದವನ್ನೇ ಅದೇ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ತನ್ನ ಜೊತೆಕೆಲಸಗಾರನಾದ ತಿಮೊಥೆಯನನ್ನು ಹೊಗಳಲು ಬಳಸಿದ್ದಾನೆ: ನಿಮ್ಮ ವಿಷಯದಲ್ಲಿ ಯಥಾರ್ಥವಾಗಿ ಚಿಂತಿಸುವವನು ಅವನಂತೆ ಬೇರೊಬ್ಬನಿಲ್ಲ ಎಂದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಎಲ್ಲ ಸಭೆಗಳ ಚಿಂತೆ ತನ್ನನ್ನು ದಿನದಿನವೂ ಒತ್ತುತ್ತಿದೆಯೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಮಕೆದೋನ್ಯಕ್ಕೆ ಬಂದಾಗ ಹೊರಗೆ ಜಗಳಗಳು, ಒಳಗೆ ಭಯಗಳು ಇದ್ದವೆಂದು ಬರೆಯುತ್ತಾನೆ. ಆಗ ದೇವರು ಅವನನ್ನು ಸಂತೈಸಿದ್ದು ಹೇಗೆ? ತೀತನು ಬಂದದ್ದರಿಂದ ಎಂದು ಪೌಲನೇ ಹೇಳಿದ್ದಾನೆ. ದೇವರ ಸಮಾಧಾನವು ಒಬ್ಬ ಸ್ನೇಹಿತನ ಕಾಲುಗಳ ಮೇಲೆ ನಡೆದುಬಂತು. ಹಾಗಿರುವಲ್ಲಿ ಫಿಲಿಪ್ಪಿ ನಾಲ್ಕನೆಯ ಅಧ್ಯಾಯದ ಮಾತು ಭಯಪಟ್ಟವರ ಮೇಲೆ ಹೊರಿಸುವ ಅಪವಾದವಾಗಲು ಸಾಧ್ಯವಿಲ್ಲ. ಭಯವನ್ನು ತಾನೇ ಬಲ್ಲ ಒಬ್ಬ ಸೆರೆಯವನು, ನಿಮಗೆ ಬೇಕಾದದ್ದನ್ನೆಲ್ಲ ದೇವರಿಗೆ ಹೇಳಿಕೊಳ್ಳಿರೆಂದು ತೆರೆದು ತೋರಿಸಿದ ಬಾಗಿಲು ಅದು.

ಪೇತ್ರನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯವೂ ಚಿಂತೆಯನ್ನು ದೇವರ ಮೇಲೆ ಹಾಕಿರೆನ್ನುತ್ತದೆ. ಇಂದು ಟರ್ಕಿಯೆನ್ನುವ ನಾಡಿನ ಪೊಂತ, ಗಲಾತ್ಯ, ಕಪ್ಪದೋಕ್ಯ ಮೊದಲಾದ ಕಡೆಗಳಲ್ಲಿ ಚದರಿ, ನಿಂದೆ ಅನುಭವಿಸುತ್ತಿದ್ದ ವಿಶ್ವಾಸಿಗಳಿಗೆ ಬರೆದ ಮಾತು ಅದು. ಅಲ್ಲಿರುವ ಹಾಕುವುದೆಂಬ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: ಯೇಸುಸ್ವಾಮಿ ಯೆರೂಸಲೇಮಿಗೆ ಹೋಗುವಾಗ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿದರೆಂದು ಲೂಕನು ಬರೆದಲ್ಲಿ. ಮೈಮೇಲಿನದನ್ನು ತೆಗೆದು ಹಾಕುವ ಕೈಗಳ ಕೆಲಸವದು. ಮನಸ್ಸಿಗೆ ಧೈರ್ಯ ಬರಲೆಂದು ಕಾಯದೆ, ನಡುಗುವ ಕೈಗಳಿಂದಲೇ ಅದನ್ನು ಮಾಡಬಹುದು.

ವಿಲಿಯಂ ಕೂಪರ್ ಎಂಬ ಇಂಗ್ಲಿಷ್ ಕವಿಯ ಬಾಳನ್ನು ಇಲ್ಲಿ ಹೇಳಲೇಬೇಕು. 1763ರಲ್ಲಿ ಒಂದು ಸರ್ಕಾರಿ ಹುದ್ದೆಗಾಗಿ ಪರೀಕ್ಷೆಯನ್ನು ಎದುರಿಸಬೇಕಾದ ಭಯದಿಂದ ಅವನ ಮನಸ್ಸು ಒಡೆದುಹೋಗಿ, ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದನು. ಸೇಂಟ್ ಆಲ್ಬನ್ಸ್ ಎಂಬ ಊರಿನಲ್ಲಿ ನಥಾನಿಯೆಲ್ ಕಾಟನ್ ಎಂಬ ವೈದ್ಯನ ಆರೈಕೆಯಲ್ಲಿದ್ದಾಗಲೇ ಅವನಿಗೆ ಕ್ರಿಸ್ತನಲ್ಲಿ ವಿಶ್ವಾಸ ಹುಟ್ಟಿತು. ಮುಂದೆ ಓಲ್ನಿ ಎಂಬ ಊರಿನಲ್ಲಿ ಸಭಾಪಾಲಕ ಜಾನ್ ನ್ಯೂಟನ್‌ನ ಜೊತೆ ಸೇರಿ ಅವನು ಬರೆದ ಸ್ತೋತ್ರಗೀತೆಗಳನ್ನು ಸಭೆಗಳು ಈಗಲೂ ಹಾಡುತ್ತವೆ. ಆದರೂ 1773ರಲ್ಲಿ ಕತ್ತಲೆ ಮರಳಿ ಬಂತು. ದೇವರು ತನ್ನನ್ನು ತಳ್ಳಿಬಿಟ್ಟನೆಂಬ ಭಾವನೆ 1800ರಲ್ಲಿ ಸಾಯುವವರೆಗೂ ಅವನನ್ನು ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ನ್ಯೂಟನ್ ಅವನನ್ನು ವಾದದಿಂದ ಗೆಲ್ಲಲಾಗಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡನು. ಕೂಪರ್‌ಗೆ ತನ್ನ ವಿಶ್ವಾಸವನ್ನು ಹೊರಲಾಗದ ದಿನಗಳಲ್ಲಿ ಅವನ ಸ್ನೇಹಿತರು ಅವನ ಪರವಾಗಿ ಅದನ್ನು ಹೊತ್ತರೆಂದು ನಾನು ನಂಬುತ್ತೇನೆ.

ಇದರಿಂದ ನಮ್ಮ ಸಭೆಗಳಿಗೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಉಸಿರು ಕಟ್ಟಿದಂತಾಗಿ ಎದೆ ಹೊಡೆದುಕೊಳ್ಳುತ್ತಿದ್ದರೆ, ಬದುಕೇ ಬೇಡವೆನಿಸಿದರೆ ವೈದ್ಯರ ಬಳಿಗೆ ಹೋಗುವುದು ಅವಿಶ್ವಾಸವಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರನ್ನು ನಾವು ಪ್ರಶ್ನಿಸುವುದಿಲ್ಲ. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರನ್ನು ಮಾತ್ರ ಏಕೆ ಪ್ರಶ್ನಿಸಬೇಕು? ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಎಲೀಯನಿಗೆ ರೊಟ್ಟಿಯನ್ನು ಕಳುಹಿಸಿದ ದೇವರು ನಮಗೆ ವೈದ್ಯರನ್ನು ಕಳುಹಿಸಬಲ್ಲನು.

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನವೆಂಬ ಆಹಾರ ಸಿಕ್ಕಿದ್ದು ಆಯಾ ದಿನಕ್ಕೆ ಬೇಕಾದಷ್ಟು. ನಾಳೆಗೆಂದು ಕೂಡಿಟ್ಟದ್ದು ಹುಳಬಿತ್ತು. ಅನುದಿನದ ಆಹಾರವನ್ನು ಬೇಡಲು ಕಲಿಸಿದ ಕರ್ತನು, ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕೆಂದೂ ಹೇಳಿದನು. ನಾಳೆಯ ಭಯಕ್ಕೆ ಬೇಕಾದ ಬಲವನ್ನು ಇಂದೇ ಹುಡುಕಿ ಸಿಗಲಿಲ್ಲವೆಂದು ಸೋಲುವ ನಮಗೆ ಇದು ದೊಡ್ಡ ಬಿಡುಗಡೆ. ರಾತ್ರಿ ಎಚ್ಚರವಾದಾಗ ಬರುವ ವರ್ಷದ ಚಿಂತೆಯನ್ನು ಬಿಟ್ಟು, ಬೆಳಗಾಗುವವರೆಗಿನ ಕೆಲವು ತಾಸುಗಳಿಗೆ ಬೇಕಾದ ಕೃಪೆಯನ್ನು ಮಾತ್ರ ಬೇಡಿರಿ. ಭಯವನ್ನು ಅದರ ಹೆಸರು ಹಿಡಿದೇ ಹೇಳಿರಿ: ಮಗಳ ಮದುವೆ, ಬ್ಯಾಂಕಿನ ಸಾಲ, ಸ್ಕ್ಯಾನಿಂಗ್ ರಿಪೋರ್ಟ್. ಮಾತು ಹೊರಡದಿದ್ದರೆ ಕೀರ್ತನೆಗಾರನ ಮಾತನ್ನೇ ಓದಿರಿ.

ಈಗ ಕೆಲವು ನಿಮಿಷ ಮೌನವಾಗಿರೋಣ. ಅನಂತರ ಐವತ್ತೈದನೆಯ ಕೀರ್ತನೆಯನ್ನು ಎಲ್ಲರೂ ಕೂಡಿ ಓದೋಣ. ಆಮೇಲೆ ಯಾರಾದರೂ ತಮ್ಮ ಭಯವನ್ನು ಹೇಳಿಕೊಳ್ಳಲು ಇಚ್ಛಿಸಿದರೆ, ಇಂದು ನಾನು ಯಾವ ವಚನವನ್ನೂ ತೆರೆಯದೆ ಅವರ ಪಕ್ಕದಲ್ಲಿ ಕೂತು ಕೇಳುತ್ತೇನೆ.